ಗೇರು ಬೀಳ್ತಿಲ್ಲ ಅಂದ್ರೆ ಗೇರ್‌ಬಾಕ್ಸೇ ಹೋಗಿದೆ ಅಂತಲ್ಲ: ಹಳೆ ಗಾಡಿ ಕೊಳ್ಳೋ ಮುಂಚೆ ಇದನ್ನು ಓದಿ

ತೊಗರಿ ರಾಶಿ ಮುಗಿದು ರೊಕ್ಕ ಕೈಗೆ ಬರುವ ಹೊತ್ತಿಗೆ ನಮ್ಮ ಗುರುಮಠಕಲ್ ಕಡೆ ಎರಡು ಮಾತು ಜೋರಾಗುತ್ತವೆ. ಒಂದು ಮದುವೆ, ಇನ್ನೊಂದು ಗಾಡಿ. ಜನವರಿಯಿಂದ ಯುಗಾದಿವರೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧ ಜೀವಾಮೃತ, ಬೇಸಿಗೆ ತರಕಾರಿ ಬಗ್ಗೆ ಇದ್ದರೆ, ಇನ್ನರ್ಧ "ಅಣ್ಣಾ, ಹೈದರಾಬಾದಿನಾಗ ಒಂದು ಕಾರು ನೋಡೀನಿ, ಆಟೋಮ್ಯಾಟಿಕ್ ಅದ, ತಗೊಳ್ಳಲೇನು?" ಅನ್ನೋ ಥರದವು. ತೋಟಗಾರಿಕೆ ಓದಿದವನಿಗೆ ಗೇರ್‌ಬಾಕ್ಸ್ ಪಾಠ ಯಾಕೆ ಅಂತ ನಗಬೇಡಿ. ಸೊಪ್ಪು, ನಿಂಬೆ, ಪಪ್ಪಾಯ ಬೆಳೆದು ತಾನೇ ಮಾರುವವನಿಗೆ ಗಾಡಿಯೂ ಪಂಪ್‌ಸೆಟ್ ಇದ್ದಂಗೆ. ಅದು ನಿಂತ ದಿನ ಮಾಲು ಕೊಳೆಯುತ್ತೆ.

ಹಳೆ ಗಾಡಿ ನೋಡಲು ಹೋದವರು ಸಾಮಾನ್ಯವಾಗಿ ಬಣ್ಣ, ಟೈರು, ಎಸಿ, ಟೇಪು ನೋಡ್ತಾರೆ. ಎಂಜಿನ್ ಬಾನೆಟ್ ಎತ್ತಿ ಒಂದು ಸಲ ಕಿವಿ ಕೊಡ್ತಾರೆ. ಗೇರ್‌ಬಾಕ್ಸ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ, ಯಾಕಂದ್ರೆ ಅದು ಕೆಳಗೆ ಇರುತ್ತೆ, ಮತ್ತು ಅದರ ರೋಗ ಐದು ನಿಮಿಷದ ಓಡಿಸಾಟದಲ್ಲಿ ಕಾಣಿಸಲ್ಲ. ಹೆಚ್ಚು ರೊಕ್ಕ ತಿನ್ನೋದು ಅದೇ. ಹಂಗಾಗಿ ನನ್ನ ಮಾತು ಇಷ್ಟೇ: ಯಾವ ಕಾರು ಅಂತ ಕೇಳುವ ಮುಂಚೆ ಯಾವ ಗೇರು, ಅದು ಕೆಟ್ಟರೆ ರಿಪೇರಿ ಮಾಡುವವನು ನಿಮ್ಮೂರಿಂದ ಎಷ್ಟು ದೂರ ಅಂತ ಕೇಳ್ರಿ.

ಟ್ರ್ಯಾಕ್ಟರ್ ಗೊತ್ತಿದ್ದರೆ ಅರ್ಧ ಗೊತ್ತು

ಕ್ಲಚ್ ಅಂದ್ರೆ ಏನು ಅಂತ ಟ್ರ್ಯಾಕ್ಟರ್ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಡಬಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಪೆಡಲ್ ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತೆ, ಪೂರ್ತಿ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತೆ. ಕಾರಿನಲ್ಲಿ ಪಿಟಿಒ ಇಲ್ಲ, ಒಂದೇ ಪ್ಲೇಟ್. ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ ಫ್ಲೈವೀಲ್. ಅದಕ್ಕೆ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟ್ ಒತ್ತಿ ಹಿಡಿದಿರುತ್ತೆ. ನೀವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಬಂದು ಆ ಹಿಡಿತ ಬಿಡಿಸುತ್ತೆ. ಆಗ ಎಂಜಿನ್ ತಿರುಗುತ್ತಿದ್ದರೂ ಗೇರ್‌ಬಾಕ್ಸಿಗೆ ಶಕ್ತಿ ಹೋಗಲ್ಲ, ನೀವು ಗೇರು ಬದಲಿಸಬಹುದು. ಪೆಡಲ್ ಬಿಟ್ಟಾಗ ಮತ್ತೆ ಹಿಡಿತ. ಇಷ್ಟೇ ಮ್ಯಾನ್ಯುಯಲ್.

ಇನ್ನು ಆಟೋಮ್ಯಾಟಿಕ್ ಅಂತ ಮಾರುವವ ಹೇಳಿದರೆ ತಕ್ಷಣ ಕೇಳಬೇಕಾದ್ದು "ಯಾವ ಆಟೋಮ್ಯಾಟಿಕ್?" ಅಂತ. ಎರಡು ಪೆಡಲ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ನಮ್ಮ ಬಜೆಟ್ಟಿನ ಹಳೆ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಬಂದಾಗಿನಿಂದ ಇದು ಸಣ್ಣ ಕಾರುಗಳಲ್ಲಿ ಹಬ್ಬಿದೆ. ಮಾರುತಿಯವರು ಇದನ್ನು ಎಜಿಎಸ್ ಅಂತಾರೆ. ವ್ಯಾಗನ್‌ಆರ್, ಡಿಸೈರ್, ಟಿಯಾಗೋ, ಕ್ವಿಡ್ ಇವುಗಳಲ್ಲೆಲ್ಲ ಇದೆ. ಒಳಗೆ ಇರುವುದು ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಒಂದೇ ವ್ಯತ್ಯಾಸ ಏನಂದ್ರೆ, ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಆಕ್ಚುಯೇಟರ್ ಅನ್ನೋ ಯಂತ್ರ ಮಾಡುತ್ತೆ, ಅದಕ್ಕೆ ಒಂದು ಕಂಪ್ಯೂಟರ್ ಹುಕುಂ ಕೊಡುತ್ತೆ. ಅಂದ್ರೆ ಕ್ಲಚ್ ಇದರಲ್ಲೂ ಸವೆಯುತ್ತೆ. "ಆಟೋಮ್ಯಾಟಿಕ್ ಅದ, ಕ್ಲಚ್ ಖರ್ಚೇ ಇಲ್ಲ" ಅಂತ ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲ, ಇಲ್ಲಾ ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ.

ಎರಡನೆಯದು ಹಳೆ ಕಾಲದ ಖರೆ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್. ಇದರಲ್ಲಿ ಪ್ಲೇಟಿನ ಬದಲು ಎಣ್ಣೆಯೇ ಎಂಜಿನ್ ಶಕ್ತಿಯನ್ನು ದಾಟಿಸುತ್ತೆ. ಗಟ್ಟಿ ಮಾಲು, ಆದರೆ ಎಣ್ಣೆ ನಿಗಾ ಬೇಕು. ಮೂರನೆಯದು ಸಿವಿಟಿ, ಎರಡು ಗಾಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತೆ, ಗೇರು ಅನ್ನೋದೇ ಇಲ್ಲ. ಹೋಂಡಾ ಅಮೇಜ್, ಹಳೆ ಬಲೆನೋದಲ್ಲಿ ಇದು ಸಿಗುತ್ತೆ. ನಿಮ್ಮ ಮನೆಯ ಸ್ಕೂಟಿಯಲ್ಲೂ ಇದರ ತಮ್ಮನೇ ಇರೋದು, ಅಲ್ಲಿ ರಬ್ಬರ್ ಬೆಲ್ಟ್ ಅಷ್ಟೇ. ನಾಲ್ಕನೆಯದು ಡಿಸಿಟಿ, ಎರಡು ಕ್ಲಚ್ ಇರುವಂಥದ್ದು. ಓಡಿಸಲು ಮಜಾ. ಆದರೆ ಒಣ ಕ್ಲಚ್ಚಿನ ಡಿಸಿಟಿ ಆಮೆ ವೇಗದಲ್ಲಿ ತೆವಳಿದರೆ ಬಿಸಿಯಾಗುತ್ತೆ. ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಹಳೆಯ ಡಿಸಿಟಿ ತಗೊಳ್ಳಿ ಅಂತ ನಾನಂತೂ ಯಾರಿಗೂ ಹೇಳಲ್ಲ.

ಹೊಲದ ದಾರಿಗೆ ಯಾವುದು

ಮಾಲು ಸಾಗಿಸಲಿಕ್ಕೆ ಸಣ್ಣ ಪಿಕಪ್ ತಗೋಬೇಕು ಅನ್ನುವವರಿಗೆ ಈ ತಲೆನೋವೇ ಇಲ್ಲ. ಬೊಲೆರೋ ಪಿಕಪ್, ಟಾಟಾ ಏಸ್, ಸೂಪರ್ ಕ್ಯಾರಿ, ನಮ್ಮ ಕಡೆ ಓಡುವ ಡೀಸೆಲ್, ಪೆಟ್ರೋಲ್ ಗಾಡಿಗಳೆಲ್ಲ ಮ್ಯಾನ್ಯುಯಲ್ಲೇ. (ಒಂದು ಅಡ್ಡ ಮಾತು: ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಈ ಬಗ್ಗೆ ಭಾಳ ಮಂದಿ ಕೇಳ್ತಾರೆ.)

ಪ್ರಶ್ನೆ ಬರೋದು ಕಾರು ಕೊಳ್ಳುವಾಗ. ಹೊಸ ಸಣ್ಣ ಕಾರಿನಲ್ಲಿ ಎಎಂಟಿಗೆ ಮ್ಯಾನ್ಯುಯಲ್‌ಗಿಂತ ಸುಮಾರು ಅರ್ಧ ಲಕ್ಷದಷ್ಟು ಹೆಚ್ಚು. ತೊಗರಿ ಲೆಕ್ಕದಲ್ಲಿ ಹೇಳೋದಾದರೆ, 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ, ಅಂದ್ರೆ ಆರು ಕ್ವಿಂಟಲ್ ಮೇಲೆ. ಎಡಗಾಲಿಗೆ ಆರಾಮ ಸಿಗಲಿಕ್ಕೆ ಅಷ್ಟು ತೊಗರಿ ಕೊಡಬೇಕೋ ಬೇಡವೋ ಅನ್ನೋದು ನಿಮ್ಮ ಓಡಾಟ ನೋಡಿ ತೀರ್ಮಾನ ಆಗಬೇಕು.

ವಾರಕ್ಕೆ ಎರಡು ಮೂರು ಸಲ ಹೈದರಾಬಾದ್ ಟ್ರಾಫಿಕ್ಕಿಗೆ ಹೋಗುವವರು, ಮೊಣಕಾಲು ನೋವಿರುವ ಅಪ್ಪ, ಹೊಸದಾಗಿ ಡ್ರೈವಿಂಗ್ ಕಲಿಯುತ್ತಿರುವ ತಂಗಿ ಅಥವಾ ಹೆಂಡತಿ ಓಡಿಸುವ ಮನೆಯಾದರೆ ಎಎಂಟಿಗೆ ಅರ್ಥ ಇದೆ. ನಮ್ಮ ಹೆಣ್ಣುಮಕ್ಕಳು ಸ್ಕೂಟಿಯಿಂದ ಕಾರಿಗೆ ದಾಟಲಿಕ್ಕೆ ಇದು ಒಳ್ಳೆಯ ಮೆಟ್ಟಿಲು ಅಂತಲೇ ನನ್ನ ಅಭಿಪ್ರಾಯ. ಆದರೆ ಗಾಡಿ ದಿನಾ ಹೊಲಕ್ಕೆ ಹೋಗಬೇಕು, ಡಿಕ್ಕಿಯಲ್ಲಿ ಗೊಬ್ಬರದ ಚೀಲ, ಡ್ರಿಪ್ ಪೈಪು ತುಂಬಬೇಕು, ಮಳೆಗಾಲದಲ್ಲಿ ಎರಿ ಮಣ್ಣಿನ ದಾರಿ ದಾಟಬೇಕು ಅಂದ್ರೆ ಮ್ಯಾನ್ಯುಯಲ್ಲೇ ಇರಲಿ. ಗುರುಮಠಕಲ್ ಸುತ್ತ ಮಸಾರಿ ಹೆಚ್ಚು, ಹೆಂಗೋ ದಾಟುತ್ತೆ. ಶಹಾಪುರ, ಸುರಪುರದ ಕಾಲುವೆ ಭಾಗದಲ್ಲಿ ಎರಿ ನೆಲದ ಕೆಸರು ಗೊತ್ತಲ್ಲ. ಅಲ್ಲಿ ಚಕ್ರ ಹೂತಾಗ ಎರಡನೇ ಗೇರಿನಲ್ಲಿ ಮೆಲ್ಲಗೆ, ಹಿಂದೆ ಮುಂದೆ ಆಡಿಸಿ ತೆಗೆಯಬೇಕು. ಕ್ಲಚ್ ನಿಮ್ಮ ಕಾಲಿನಲ್ಲಿ ಇದ್ದರೆ ಆ ಹದ ಸಿಗುತ್ತೆ. ಎಎಂಟಿ ತನ್ನ ಲೆಕ್ಕದಲ್ಲಿ ಕ್ಲಚ್ ಹಿಡಿದು ಬಿಟ್ಟು ಮಾಡಿ, ಕಡೆಗೆ ಬಿಸಿಯಾಗಿ ಎಚ್ಚರಿಕೆ ದೀಪ ಹಾಕಿ ಕೂತುಬಿಡುತ್ತೆ.

ಇನ್ನೊಂದು ಮಾತನ್ನು ಶೋರೂಮಿನಲ್ಲಿ ಯಾರೂ ಹೇಳಲ್ಲ. ಬ್ಯಾಟರಿ ಸತ್ತರೆ ಮ್ಯಾನ್ಯುಯಲ್ ಗಾಡಿಯನ್ನು ನಾಲ್ಕು ಮಂದಿ ತಳ್ಳಿ ಎರಡನೇ ಗೇರಿಗೆ ಬಿಟ್ಟು ಚಾಲೂ ಮಾಡಬಹುದು. ಎರಡು ಪೆಡಲಿನ ಯಾವ ಗಾಡಿಯೂ ಹಂಗೆ ಚಾಲೂ ಆಗಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಯಾರಿಗೋ ಎದೆನೋವು ಬಂದು ಯಾದಗಿರಿಗೋ ಕಲಬುರಗಿಗೋ ಓಡಬೇಕಾದಾಗ ಇದರ ಬೆಲೆ ತಿಳಿಯುತ್ತೆ. ಆಟೋಮ್ಯಾಟಿಕ್ ಇಟ್ಟವರು ಜಂಪರ್ ಕೇಬಲ್ ಒಂದು ಡಿಕ್ಕಿಯಲ್ಲಿ ಇಡಲೇಬೇಕು. ಟ್ರ್ಯಾಕ್ಟರ್ ಬ್ಯಾಟರಿಯೂ 12 ವೋಲ್ಟೇ. ಟ್ರ್ಯಾಕ್ಟರ್ ಎಂಜಿನ್ ಬಂದ್ ಇಟ್ಟು, ಕೆಂಪು ವೈರ್ ಪ್ಲಸ್ಸಿಗೆ ಪ್ಲಸ್, ಕಪ್ಪು ವೈರ್ ಟ್ರ್ಯಾಕ್ಟರಿನ ಮೈನಸ್ಸಿನಿಂದ ಕಾರಿನ ಎಂಜಿನ್ನಿನ ಬರೀ ಲೋಹದ ಭಾಗಕ್ಕೆ. ಕಾರು ಚಾಲೂ ಆಗುತ್ತೆ. ಪ್ಲಸ್, ಮೈನಸ್ ಅದಲು ಬದಲಾದರೆ ಮಾತ್ರ ಕಂಪ್ಯೂಟರೇ ಸುಡುತ್ತೆ, ಅವಸರ ಬ್ಯಾಡ.

ಎಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡ್ರಿ

ಗೇರು ಬೀಳದಿದ್ದರೆ, ಗರ್ ಅಂದರೆ, ನಮ್ಮ ಕಡೆ ಮೊದಲು ಕೇಳಿಬರುವ ಮಾತು "ಗೇರ್‌ಬಾಕ್ಸ್ ಇಳಿಸಬೇಕು" ಅಂತ. ಇಳಿಸಿದರೆ ಒಂದು ದಿನದ ಕೂಲಿ, ಸಾಮಾನು, ಮೇಲೆ ಸುಗ್ಗಿ ಹೊತ್ತಿನಲ್ಲಿ ಗಾಡಿ ನಿಂತ ನಷ್ಟ. ಆದರೆ ಗೇರು ಬೀಳದಿರುವುದು ಬಹಳ ಸಲ ಗೇರ್‌ಬಾಕ್ಸಿನ ತಪ್ಪೇ ಅಲ್ಲ, ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಷ್ಟೇ. ಎರಡರ ನಡುವೆ ವ್ಯತ್ಯಾಸ ಕಂಡುಹಿಡಿಯಲಿಕ್ಕೆ ಒಂದು ಪೈಸೆ ಖರ್ಚಿಲ್ಲ.

ಗಾಡಿ ಸಪಾಟು ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡ್ರಿ. ಕ್ಲಚ್ ಒತ್ತಿ ಒಂದರಿಂದ ಐದು, ಆಮೇಲೆ ರಿವರ್ಸ್, ಎಲ್ಲ ಗೇರು ಹಾಕಿ ತೆಗೆದು ನೋಡ್ರಿ. ಎಲ್ಲವೂ ಸರಾಗ ಬಿದ್ದವು ಅಂದ್ರೆ ಲಿವರ್, ಒಳಗಿನ ಫೋರ್ಕು ಬಹುತೇಕ ಸರಿ ಇವೆ. ಈಗ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮೂರು ಎಣಿಸಿ ರಿವರ್ಸ್ ಹಾಕ್ರಿ. ಈಗ ಗರ್ ಅಂತ ಹಲ್ಲು ಕಡಿಯುತ್ತಾ, ಅಥವಾ ಬೀಳೋದೇ ಇಲ್ಲವಾ? ಹಾಗಾದರೆ ಪೆಡಲ್ ಒತ್ತಿದರೂ ಪ್ಲೇಟ್ ಪೂರ್ತಿ ಬಿಡ್ತಿಲ್ಲ. ಕೇಬಲ್ ಇರುವ ಗಾಡಿಯಾದರೆ ಕೇಬಲ್ ಜಗ್ಗಿರಬಹುದು, ಹೊಂದಿಸಿದರೆ ಸಾಕು. ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಎಣ್ಣೆ ಕಡಿಮೆ ಆಗಿದೆ, ಗಾಳಿ ಸೇರಿದೆ, ಇಲ್ಲಾ ಕೆಳಗಿನ ಸ್ಲೇವ್ ಸಿಲಿಂಡರ್ ಸೋರ್ತಿದೆ. ಕ್ಲಚ್ಚಿಗೆ ಬಳಸುವುದು ಬ್ರೇಕ್ ಆಯಿಲ್ಲೇ, ಸುಮಾರು ಗಾಡಿಗಳಲ್ಲಿ ಡಬ್ಬಿಯೂ ಒಂದೇ. ಡಬ್ಬಿಯಲ್ಲಿ ಎಣ್ಣೆ ಇಳಿದಿದ್ದರೆ ಸೋರಿಕೆ ಹುಡುಕ್ರಿ, ಸುಮ್ಮನೆ ಮೇಲೆ ಸುರಿಯಬೇಡಿ.

ನಮ್ಮೂರಿನ ಗೆಳೆಯನೊಬ್ಬನ ಪಿಕಪ್ ಡಿಸೆಂಬರಿನಲ್ಲಿ, ತೊಗರಿ ಮಂಡಿಗೆ ಸಾಗಿಸುವ ವಾರದಲ್ಲೇ ಹಿಂಗೆ ನಿಂತಿತ್ತು. ಗೇರ್‌ಬಾಕ್ಸ್ ಬಿಚ್ಚಬೇಕು, ನಾಲ್ಕು ದಿನ ಆಗುತ್ತೆ ಅಂದಿದ್ದರು. ಎಂಜಿನ್ ಬಂದ್ ಮಾಡಿ ಹಾಕಿದರೆ ಗೇರು ಬೆಣ್ಣೆ ಹಂಗೆ ಬೀಳ್ತಿದ್ದವು. ಕೆಳಗೆ ಬಗ್ಗಿ ನೋಡಿದರೆ ಸ್ಲೇವ್ ಸಿಲಿಂಡರಿನ ರಬ್ಬರ್ ಹರಿದು ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದನ್ನು ಬದಲಿಸಿ, ಗಾಳಿ ತೆಗೆದು, ಅವತ್ತೇ ಸಂಜೆ ಯಾದಗಿರಿ ಮಂಡಿಗೆ ಮಾಲು ಹೋಯಿತು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ. ಎಲ್ಲ ಗೇರಿಗೂ ಗರ್ ಅಂದರೆ ಕ್ಲಚ್. ಒಂದೇ ಗೇರಿಗೆ, ಅದರಲ್ಲೂ ಓಡುತ್ತಿರುವಾಗ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಕಡಿದರೆ, ಅದು ಒಳಗಿನ ಸಿಂಕ್ರೊ ರಿಂಗ್ ಸವೆದಿರುವ ಗುರುತು. ಇದಕ್ಕೆ ಖರೇನೇ ಬಾಕ್ಸ್ ಇಳಿಸಬೇಕು. ಕೊಳ್ಳುವ ಗಾಡಿಯಲ್ಲಿ ಇದು ಕಂಡರೆ ಬೆಲೆ ಇಳಿಸಿ ಕೇಳ್ರಿ, ಇಲ್ಲಾ ಬಿಟ್ಟುಬಿಡ್ರಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟು ತಟ್ಟನೆ ಬಿಟ್ಟಾಗ ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್ಲಿಗೆ ಬಂದರೆ ಆ ಗಾಡಿ ಕಡೆ ತಿರುಗಿಯೂ ನೋಡಬೇಡಿ.

ಸಪ್ಪಳದ ವಿಷಯ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿರಲಿ. ಕ್ಲಚ್ ಒತ್ತಿದಾಗ ಮಾತ್ರ ಕೀರ್ ಅನ್ನುವ ಸಪ್ಪಳ ಬಂದರೆ ರಿಲೀಸ್ ಬೇರಿಂಗ್. ಕ್ಲಚ್ ಬಿಟ್ಟಾಗ ಗೊಂಯ್ ಅಂತಿದ್ದು ಒತ್ತಿದ ತಕ್ಷಣ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್. ಮೊದಲನೆಯದು ಕ್ಲಚ್ ಸೆಟ್ಟಿನ ಜೊತೆ ಹೋಗುವ ಸಾಮಾನು, ಸಾವಿರಗಳಲ್ಲಿ ಮುಗಿಯುತ್ತೆ. ಎರಡನೆಯದು ದೊಡ್ಡ ಕೆಲಸ. ಮಾರುವವನು "ಎಲ್ಲಾ ಗಾಡಿನೂ ಹಂಗೇ ಅಂತಾವ ಬಿಡ್ರಿ" ಅಂದರೆ ಪಕ್ಕದಲ್ಲಿರುವ ಅದೇ ಮಾಡೆಲಿನ ಇನ್ನೊಂದು ಗಾಡಿ ಚಾಲೂ ಮಾಡಿಸಿ ಕೇಳಿ, ಕಿವಿಗೇ ಗೊತ್ತಾಗುತ್ತೆ.

ಪ್ಲೇಟ್ ಎಷ್ಟು ಉಳಿದಿದೆ ಅಂತ ತಿಳಿಯಲಿಕ್ಕೆ: ಗಾಡಿ ಸಪಾಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಂಗೆ, ಹ್ಯಾಂಡ್‌ಬ್ರೇಕ್ ಎಳೆದು, ಬಲಗಾಲು ಬ್ರೇಕಿನ ಮೇಲೆ ಗಟ್ಟಿ ಇಟ್ಟು, ಮೂರನೇ ಗೇರು ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ತಕ್ಷಣ ಬಂದ್ ಆದರೆ ಹಿಡಿತ ಚೆನ್ನಾಗಿದೆ. ಪೆಡಲ್ ಪೂರ್ತಿ ಬಿಟ್ಟರೂ ಎಂಜಿನ್ ಗುರುಗುಟ್ಟುತ್ತಲೇ ಇದ್ದರೆ ಪ್ಲೇಟ್ ಜಾರ್ತಿದೆ. ಒಂದೇ ಸಲ ಮಾಡ್ರಿ, ಮತ್ತೆ ಮತ್ತೆ ಮಾಡಿದರೆ ಇದ್ದ ಪ್ಲೇಟೂ ಹೋಗುತ್ತೆ. ರಸ್ತೆಯಲ್ಲಿ ನೋಡೋದಾದರೆ ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಒಮ್ಮೆಲೇ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ, ವೇಗ ಏರದಿದ್ದರೆ ಅದೇ ರೋಗ. ಏರಿನಲ್ಲಿ ಇದು ಇನ್ನೂ ಬೇಗ ಕಾಣುತ್ತೆ, ಹಂಗಾಗಿ ಟೆಸ್ಟ್ ಡ್ರೈವನ್ನು ಏರು ಇರುವ ಕಡೆಗೇ ಒಯ್ಯಿರಿ, ನಾಲ್ಕು ಮಂದಿ ಕೂತುಕೊಂಡು.

ಹೊಲದಿಂದ ರಸ್ತೆಗೆ ಹತ್ತುವ ದಿಬ್ಬದಲ್ಲಿ ಮಾಲು ತುಂಬಿದ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವವರ ಪ್ಲೇಟ್ ಎರಡು ವರ್ಷವೂ ಬಾಳಲ್ಲ. ಹ್ಯಾಂಡ್‌ಬ್ರೇಕ್ ಇರೋದು ಅದಕ್ಕೇ.

ಎಎಂಟಿ ಕೆಟ್ಟಾಗ ಮೊದಲು ನೋಡಬೇಕಾದ್ದು ಬ್ಯಾಟರಿ

ಎಎಂಟಿ ಗಾಡಿ ಒಂದು ದಿನ ಬೆಳಿಗ್ಗೆ ಚಾಲೂ ಆಗಲ್ಲ, ಅಥವಾ ಮೀಟರಿನಲ್ಲಿ 'ಎನ್' ಮಿಣುಕುತ್ತೆ, ಡಿ ಗೆ ಹಾಕಿದರೂ ಗೇರು ತಗೊಳ್ಳಲ್ಲ. ಜೀವ ಹಾರಿದಂಗೆ ಆಗುತ್ತೆ. ಗಾಬರಿಯಾಗುವ ಮುಂಚೆ ಎರಡು ಸಣ್ಣ ವಿಷಯ ನೋಡ್ರಿ. ಆಕ್ಚುಯೇಟರ್ ಓಡೋದು ಕರೆಂಟಿನ ಮೇಲೆ. ಬ್ಯಾಟರಿ ಸೊರಗಿದ್ದರೆ ಎಂಜಿನ್ ಹೆಂಗೋ ತಿರುಗಿದರೂ ಗೇರು ಹಿಡಿಯಲ್ಲ. ರಾತ್ರಿಯಿಡೀ ನಿಂತ ಬ್ಯಾಟರಿ ಬೆಳಿಗ್ಗೆ ಸುಮಾರು 12.5 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ರೋಗ ಅಲ್ಲೇ ಇದೆ. ಪಂಪ್‌ಸೆಟ್ ವೈರಿಂಗಿಗೆ ಅಂತ ಮನೆಯಲ್ಲಿ ಇಟ್ಟ ಮಲ್ಟಿಮೀಟರ್ ಸಾಕು. ಟರ್ಮಿನಲ್ ಮೇಲೆ ಬೆಳ್ಳಗೆ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು ಬಿಗಿ ಮಾಡ್ರಿ.

ಎರಡನೆಯದು ಬ್ರೇಕ್ ಲೈಟ್. ಎಎಂಟಿಯಲ್ಲಿ ಬ್ರೇಕ್ ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾದರೆ ಮಾತ್ರ ಗಾಡಿ ಚಾಲೂ ಆಗೋದು, ಗೇರು ತಗೊಳ್ಳೋದು. ಅದಕ್ಕೆ ಸುದ್ದಿ ಮುಟ್ಟಿಸೋದು ಪೆಡಲ್ ಹತ್ತಿರದ ಒಂದು ಸಣ್ಣ ಸ್ವಿಚ್ಚು. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಕೆಂಪು ದೀಪ ಹತ್ತದಿದ್ದರೆ ಸ್ವಿಚ್ಚು ಇಲ್ಲಾ ಫ್ಯೂಸ್ ನೋಡ್ರಿ.

ಇವೆರಡೂ ಸರಿ ಇದ್ದರೆ ಆಮೇಲೆ ಆಕ್ಚುಯೇಟರ್, ಅದರ ಎಣ್ಣೆ, ಸೆನ್ಸರ್, ಕ್ಲಚ್. ಇಲ್ಲಿಂದ ಮುಂದೆ ಸ್ಪ್ಯಾನರ್ ಸಾಲದು, ಸ್ಕ್ಯಾನರ್ ಬೇಕು. ಎಎಂಟಿಯಲ್ಲಿ ಕ್ಲಚ್ ಪ್ಲೇಟ್ ಬದಲಿಸಿದ ಮೇಲೂ ಕಂಪ್ಯೂಟರಿಗೆ ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತೆ ಅಂತ ಕಲಿಸಬೇಕು, ಆ ಕಲಿಸುವ ಕೆಲಸ ಸ್ಕ್ಯಾನರಿನಲ್ಲೇ ಆಗೋದು. ರಸ್ತೆ ಬದಿಯ ನಮ್ಮ ಮೇಸ್ತ್ರಿಗಳ ಕೈಗುಣ ದೊಡ್ಡದು, ಬೊಲೆರೋ ಬಾಕ್ಸನ್ನು ಕಣ್ಣುಮುಚ್ಚಿ ಜೋಡಿಸ್ತಾರೆ, ಆದರೆ ಇದು ಆ ಕೆಲಸ ಅಲ್ಲ. ಅದಕ್ಕೇ ಕೊಳ್ಳುವ ಮುಂಚೆ ಫೋನ್ ಮಾಡಿ ಕೇಳ್ರಿ: ಈ ಮಾಡೆಲಿನ ಎಎಂಟಿಗೆ ಕ್ಲಚ್ ಕಲಿಸುವ ಸ್ಕ್ಯಾನರ್ ಹತ್ತಿರದಲ್ಲಿ ಎಲ್ಲಿದೆ? ಯಾದಗಿರಿಯಲ್ಲೋ, ರಾಯಚೂರಲ್ಲೋ, ಕಲಬುರಗಿಯಲ್ಲೋ, ಹೈದರಾಬಾದೇನೋ? ಆ ಊರಿಗೆ ಗಾಡಿಯನ್ನು ಹೊತ್ತುಕೊಂಡು ಹೋಗುವ ಬಾಡಿಗೆಯನ್ನೂ ಬೆಲೆಗೆ ಸೇರಿಸ್ರಿ. ಕ್ಲಚ್ ಸೆಟ್ ಸಾವಿರಗಳಲ್ಲಿ ಆಗುತ್ತೆ, ಆಕ್ಚುಯೇಟರ್ ಹೋದರೆ ಹತ್ತಾರು ಸಾವಿರ, ಸಿವಿಟಿ, ಡಿಸಿಟಿ ಬಾಕ್ಸ್ ಹೋದರೆ ಲಕ್ಷದ ಮಾತು.

ಹೊತ್ತುಕೊಂಡು ಅಂದದ್ದು ಬೇಕಂತಲೇ. ಆಟೋಮ್ಯಾಟಿಕ್ ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬೇಡಿ. ಎಂಜಿನ್ ಬಂದ್ ಇದ್ದಾಗ ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ಎಣ್ಣೆ ಪಂಪ್ ತಿರುಗಲ್ಲ. ಚಕ್ರ ತಿರುಗುತ್ತಾ ಹೋದರೆ ಒಳಗಿನ ಭಾಗಗಳು ಎಣ್ಣೆ ಇಲ್ಲದೆ ಸುಡುತ್ತವೆ. ಮುಂದಿನ ಚಕ್ರದಿಂದ ಓಡುವ ಗಾಡಿಯಾದರೆ ಮುಂದಿನ ಚಕ್ರ ಎತ್ತಿಯೇ ಸಾಗಿಸಬೇಕು.

ಫೋನನ್ನೇ ಮೇಸ್ತ್ರಿ ಮಾಡೋದು

ಸ್ಟೀರಿಂಗ್ ಕೆಳಗೆ ಒಬಿಡಿ ಅನ್ನೋ ಒಂದು ಅಗಲವಾದ ಸಾಕೆಟ್ ಇರುತ್ತೆ. ಅದಕ್ಕೆ ಸಿಗಿಸುವ ಬ್ಲೂಟೂತ್ ಡಾಂಗಲ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ, ಫೋನಿನಲ್ಲಿ ಆಪ್ ಹಾಕಿಕೊಂಡರೆ ಗಾಡಿಯ ದೋಷದ ಸಂಖ್ಯೆಗಳು ಕಾಣುತ್ತವೆ. ಪಿ0700 ಅಂತ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಹೇಳ್ತಿದೆ ಅಂತ ಅರ್ಥ. ಏನು ದೂರು ಅನ್ನೋದನ್ನು ಅಗ್ಗದ ಡಾಂಗಲ್ ಪೂರ್ತಿ ಓದಲ್ಲ, ಆದರೆ ದೂರು ಇದೆ ಅಂತ ತಿಳಿದರೆ ಸಾಕಲ್ಲ, ವ್ಯಾಪಾರ ನಿಲ್ಲಿಸಲಿಕ್ಕೆ.

ಕೆಲವರು ತೋರಿಸುವ ಮುಂಚೆ ದೋಷಗಳನ್ನು ಅಳಿಸಿ ಇಟ್ಟಿರ್ತಾರೆ. ಅದೂ ಸಿಕ್ಕಿಬೀಳುತ್ತೆ. ಆಪಿನಲ್ಲಿ ರೆಡಿನೆಸ್ ಅನ್ನೋ ಪುಟ ತೆಗೆದು ನೋಡಿ. ದೋಷ ಅಳಿಸಿದ ಮೇಲೆ ಗಾಡಿ ತನ್ನ ತಪಾಸಣೆಗಳನ್ನು ಮತ್ತೆ ಮೊದಲಿಂದ ಮಾಡಬೇಕು, ಅದಕ್ಕೆ ಸಾಕಷ್ಟು ಓಡಬೇಕು. ಹಲವು ತಪಾಸಣೆ 'ಪೂರ್ಣ ಆಗಿಲ್ಲ' ಅಂತ ತೋರಿಸಿದರೆ, ಬ್ಯಾಟರಿ ಈಚೆಗೆ ಬಿಚ್ಚಿದ್ದಾರೆ ಇಲ್ಲಾ ದೋಷ ಅಳಿಸಿದ್ದಾರೆ. ಯಾಕೆ ಅಂತ ಕೇಳ್ರಿ.

ಆಟೋಮ್ಯಾಟಿಕ್ ಗಾಡಿ ಟೆಸ್ಟ್ ಡ್ರೈವಿಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ "ಮಧ್ಯಾಹ್ನ ಬರ್ತೀನಿ" ಅಂತ ವಾಪಸ್ ಬನ್ನಿ. ತಣ್ಣಗಿದ್ದಾಗ ಒಮ್ಮೆ, ಅರ್ಧ ತಾಸು ಓಡಿಸಿ ಬಿಸಿಯಾದ ಮೇಲೆ ಒಮ್ಮೆ, ಬ್ರೇಕ್ ಒತ್ತಿಕೊಂಡು ಡಿ ಮತ್ತು ರಿವರ್ಸ್ ಹಾಕಿ ನೋಡ್ರಿ. ಟಾರ್ಕ್ ಕನ್ವರ್ಟರ್ ಗಾಡಿಯಾದರೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮೆಲ್ಲಗೆ ಹಿಡಿಯಬೇಕು. ಎರಡು ಮೂರು ಎಣಿಸಿದ ಮೇಲೆ ಧಡ್ ಅಂತ ಹಿಡಿದರೆ ಬೇಡ. ಡಿಪ್‌ಸ್ಟಿಕ್ ಇದ್ದರೆ ಎಣ್ಣೆ ಬಿಳಿ ಕಾಗದದ ಮೇಲೆ ಒರೆಸಿ ನೋಡಿ. ಕೆಂಪು, ತಿಳಿ ಕಂದು ಇದ್ದರೆ ಸರಿ, ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ನಮಸ್ಕಾರ ಹೇಳಿ. ಎಎಂಟಿ ಗೇರು ಬದಲಿಸುವಾಗ ತಲೆ ಅಲ್ಲಾಡುವಷ್ಟು ಸ್ವಲ್ಪ ಜಗ್ಗುವುದು ಸಹಜ, ಅದು ಕಾಯಿಲೆ ಅಲ್ಲ. ಒಂದನೇ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ನಡುಗಿದರೆ ಮಾತ್ರ ಕ್ಲಚ್ ಮುಗೀತಾ ಬಂದಿದೆ ಅಂತ ತಿಳೀರಿ.

ಹೈದರಾಬಾದಿನಿಂದ ತರುವವರಿಗೆ

ಗಡಿ ದಾಟಿದರೆ ನಾರಾಯಣಪೇಟೆ, ಅಲ್ಲಿಂದ ಮುಂದೆ ಹೈದರಾಬಾದ್. ಅಲ್ಲಿ ಹಳೆ ಗಾಡಿ ಅಗ್ಗ ಅಂತ ನಮ್ಮವರು ಹೋಗೋದು ಹೊಸದಲ್ಲ. ಎರಡು ಎಚ್ಚರ. 2020ರ ಅಕ್ಟೋಬರ್ ಮಳೆಯಲ್ಲಿ ಆ ಊರಿನ ಎಷ್ಟೋ ಬಡಾವಣೆ ಮುಳುಗಿತ್ತು, ಕಾರುಗಳೂ ಮುಳುಗಿದ್ದವು. ನೀರು ಕುಡಿದ ಗಾಡಿಯ ವೈರಿಂಗ್, ಗೇರ್ ಕಂಪ್ಯೂಟರ್ ಒಳಗೊಳಗೇ ತುಕ್ಕು ಹಿಡಿದು ವರ್ಷಗಳ ಮೇಲೆ ಕೈಕೊಡುತ್ತೆ. ಸೀಟ್‌ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಇದೆಯಾ ನೋಡಿ, ಕಾಲ್ದಸಿ ಮ್ಯಾಟಿನ ಕೆಳಗಿನ ಕಾರ್ಪೆಟ್ ಎತ್ತಿ ಮೂಸಿ. ಗೇರ್‌ಬಾಕ್ಸ್ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಇದ್ದರೆ ಒಳಗೆ ನೀರು ಹೋಗಿದೆ.

ಇನ್ನೊಂದು ಕಾಗದ. ತೆಲಂಗಾಣದ ನಂಬರ್ ಇರುವ ಗಾಡಿ, ಹಳೆಯದು ಟಿಎಸ್, 2024ರ ಮಾರ್ಚ್ ನಂತರದ್ದು ಟಿಜಿ, ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಮಾರಿದವರ ಸಹಿಯ ಫಾರ್ಮ್ 29, 30, ಸಾಲ ಇದ್ದರೆ ಬ್ಯಾಂಕಿನ ಫಾರ್ಮ್ 35, ಇವು ಕೈಗೆ ಬರದೆ ಪೂರ್ತಿ ರೊಕ್ಕ ಕೊಡಬೇಡಿ. ಯಾದಗಿರಿಯ ಕೆಎ 33 ನಂಬರ್ ಆಗಬೇಕಾದರೆ ಗಾಡಿಯ ವಯಸ್ಸಿನ ಪ್ರಕಾರ ಕರ್ನಾಟಕದ ಲೈಫ್‌ಟೈಮ್ ತೆರಿಗೆ ಮತ್ತೆ ಕಟ್ಟಬೇಕು. ಆ ತೆರಿಗೆ ಸೇರಿಸಿ ನೋಡಿದರೆ ಹೈದರಾಬಾದಿನ ಅಗ್ಗ ಎಷ್ಟೋ ಸಲ ಅಗ್ಗವೇ ಅಲ್ಲ. ಸಾಲ, ಇನ್ಶೂರೆನ್ಸ್, ಎಷ್ಟನೇ ಮಾಲೀಕ ಅನ್ನೋದು ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿದರೆ ಸಿಗುತ್ತೆ, ಕಟ್ಟದೆ ಉಳಿದ ಚಲನ್ನುಗಳನ್ನೂ ಆನ್‌ಲೈನಿನಲ್ಲೇ ನೋಡಬಹುದು.

ಗಾಡಿ ಮನೆಗೆ ಬಂದ ಮೇಲೆ ಮೊದಲ ವಾರದಲ್ಲೇ ಗೇರ್ ಎಣ್ಣೆ ಬದಲಿಸಿ. ಹಿಂದಿನವರು ಯಾವಾಗ ಬದಲಿಸಿದ್ದರು ಅನ್ನುವ ಮಾತನ್ನು ನಂಬಬೇಡಿ. ಗಾಡಿಯ ಪುಸ್ತಕ ಯಾವ ಗ್ರೇಡ್ ಹೇಳಿದೆಯೋ ಅದೇ ಹಾಕಿ. ಟ್ರ್ಯಾಕ್ಟರಿಗೆ ತಂದು ಉಳಿದ ಎಣ್ಣೆ ಡಬ್ಬಿಯಲ್ಲಿ ಇದೆಯಲ್ಲ ಅಂತ ಸುರಿಯುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಟ್ರ್ಯಾಕ್ಟರ್ ಎಣ್ಣೆ ಗೇರು, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಎಲ್ಲಕ್ಕೂ ಸೇರಿಸಿ ಮಾಡಿದ್ದು, ಕಾರಿನ ಸಿಂಕ್ರೊ ರಿಂಗಿಗೆ ಅಲ್ಲ. ಸಿವಿಟಿಗೆ ಅದರದೇ ಎಣ್ಣೆ, ಟಾರ್ಕ್ ಕನ್ವರ್ಟರಿಗೆ ಅದರದೇ ಎಣ್ಣೆ, ಒಂದಕ್ಕೆ ಇನ್ನೊಂದು ಹಾಕಿದರೆ ಬಾಕ್ಸ್ ಹಾಳಾಗುತ್ತೆ. ಹಳೆ ಎಣ್ಣೆ ಇಳಿಸುವಾಗ ಮೇಸ್ತ್ರಿ ಪಕ್ಕದಲ್ಲೇ ನಿಂತು ಡ್ರೈನ್ ಬೋಲ್ಟಿನ ತುದಿ ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲಿ ಮ್ಯಾಗ್ನೆಟ್ ಇರುತ್ತೆ. ಅದಕ್ಕೆ ಬೂದಿಯಂಥ ನುಣುಪು ಪುಡಿ ಅಂಟಿದ್ದರೆ ಸಹಜ ಸವೆತ. ಉಗುರಿಗೆ ತಾಗುವ ಚೂರು, ಹಲ್ಲಿನ ತುಂಡು ಸಿಕ್ಕರೆ ಫೋಟೋ ತೆಗೆದು, ಮಾರಿದವನಿಗೆ ಅವತ್ತೇ ಕಳಿಸಿ.